ಕೀವು ಟೆಸ್ಟ್‌ಗೆ ಕಳಿಸೋಕೆ 11 ದಿನ ಬೇಕಿತ್ತಾ?

ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೆ ಶುಗರ್ ಇದೆ. ಜಮಖಂಡಿ ಹತ್ತಿರ ನಮ್ಮ ಹೊಲದಲ್ಲಿ ಕಬ್ಬಿನ ಕೂಳೆ ಕಾಲಿಗೆ ಚುಚ್ಚಿತು. ಊರ ಹತ್ತಿರದ ದವಾಖಾನೆಯಲ್ಲಿ 5 ದಿನ ಅಮಾಕ್ಸಿಕ್ಲಾವ್ ಅನ್ನೋ ಆ್ಯಂಟಿಬಯೋಟಿಕ್ ಗುಳಿಗೆ ಕೊಟ್ಟರು. ಕಡಿಮೆ ಆಗಲಿಲ್ಲ. ಮತ್ತೆ ಹೋದರೆ ಸೆಫಿಕ್ಸಿಮ್ ಅನ್ನೋ ಇನ್ನೊಂದು ಆ್ಯಂಟಿಬಯೋಟಿಕ್. "ಏನೂ ಆಗಂಗಿಲ್ರಿ ಯಜಮಾನ್ರ, ಇನ್ನೈದು ದಿನ ತಗೋರಿ" ಅಂದರು.

ದಿನಾ ಬ್ಯಾಂಡೇಜ್ ಬಿಚ್ಚುವವಳು ನಾನು. ನಾಲ್ಕನೇ ದಿನದಿಂದಲೇ ಪಟ್ಟಿ ಮೇಲೆ ಹಸಿರು ಕಲೆ, ದ್ರಾಕ್ಷಿ ಕೊಳೆತಂಥ ವಾಸನೆ. ಆ ಪಟ್ಟಿಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿದೆ. ಸರಿಯಾಗಿ ನೋಡಲೂ ಇಲ್ಲ. "ಕೀವು ಟೆಸ್ಟ್ ಮಾಡಸೂಣೇನ್ರಿ ಸರ್" ಅಂದರೆ, "ರಿಪೋರ್ಟ್ ಬರೂದ್ರಾಗ ಗಾಯ ಮಾಯ್ತದ" ಅಂದರು.

ಮಾಯಲಿಲ್ಲ. ಹನ್ನೊಂದನೇ ದಿನ ಚಳಿ ಜ್ವರ. ಬಾಗಲಕೋಟೆಗೆ ಕರೆತಂದೆವು. ಅಲ್ಲಿ ಕಲ್ಚರ್‌ಗೆ, ಅಂದರೆ ಕೀವಿನಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಟೆಸ್ಟ್‌ಗೆ ಬರೆದರು, ಆದರೆ ಡ್ರೆಸ್ಸಿಂಗ್ ಹುಡುಗ ಗಾಯ ತೊಳೆಯದೆ, ಮೇಲಿನ ಒಣ ಕೀವನ್ನೇ ಹತ್ತಿಕಡ್ಡಿಗೆ ಸವರಿ ಕಳಿಸಿದ. ಕಲಬೆರಕೆ ಆಗಿದೆ, ಮತ್ತೆ ಕಳಿಸಿ ಅಂತ ಲ್ಯಾಬ್‌ನಿಂದ ವಾಪಸ್ ಬಂತು.

ಲ್ಯಾಬ್‌ನ ಮೇಡಂ ಒಬ್ಬರೇ ಬಿಡಿಸಿ ಹೇಳಿದರು. ಮೊದಲು ಸಲೈನ್‌ನಲ್ಲಿ ಗಾಯ ತೊಳೆಯಬೇಕು, ಸತ್ತ ಚರ್ಮ ತೆಗೆಯಬೇಕು, ಆಮೇಲೆ ಒಳಗಿನಿಂದ ಸ್ಯಾಂಪಲ್. ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ತೆಗೆದರೆ ಇನ್ನೂ ಒಳ್ಳೆಯದು. ಎರಡನೇ ಸಲ ಸರಿಯಾಗಿ ತೆಗೆದರು. ಅದನ್ನು ಬೆಳೆಸಿದ ತಟ್ಟೆಯನ್ನೂ ಮೇಡಂ ತೋರಿಸಿದರು. ಬ್ಯಾಕ್ಟೀರಿಯಾ ತೆಳು ಹಸಿರು ಪೊರೆಯಂತೆ ಹರಡಿತ್ತು. ಅದರ ಮೇಲೆ ಔಷಧಿಯ ಸಣ್ಣ ಬಿಲ್ಲೆಗಳು. ಕೆಲವದರ ಸುತ್ತ ಏನೂ ಬೆಳೆಯದೆ ದುಂಡಗೆ ಬಯಲಾಗಿತ್ತು. ಕೆಲವದರಲ್ಲಿ ಬಿಲ್ಲೆಗೇ ಅಂಟಿಕೊಂಡು ಬೆಳೆದಿತ್ತು, ಅಂದರೆ ಆ ಔಷಧಿ ನಾಟಲ್ಲ. ಆ ಬ್ಯಾಕ್ಟೀರಿಯಾದ ಹೆಸರು ಸ್ಯೂಡೋಮೊನಾಸ್. "ಅಮಾಕ್ಸಿಕ್ಲಾವ್, ಸೆಫಿಕ್ಸಿಮ್ ಎರಡೂ ಇದಕ್ಕ ನಾಟೂದೇ ಇಲ್ರಿ ಅಕ್ಕಾರ" ಅಂದರು.

ಅಂದರೆ 10 ದಿನ ಅಪ್ಪ ನುಂಗಿದ್ದು ಸುಮ್ನೆ ಅಲ್ವಾ?

ಪ್ರತಿ ತರಚು ಗಾಯಕ್ಕೂ ಕಲ್ಚರ್ ಬೇಡ, ಅದು ನನಗೂ ಗೊತ್ತು. ಇದು ಶುಗರ್ ಇರುವವರ ಕಾಲು. ಕೀವು ಹಸಿರು. ಮೊದಲ ಗುಳಿಗೆ ನಾಟಿಲ್ಲ. ಇನ್ನೇನು ಕಾಣಬೇಕಿತ್ತು ಆ ಡಾಕ್ಟರಿಗೆ? ರಿಪೋರ್ಟ್ ಬರೋಕೆ ಹೆಚ್ಚೆಂದರೆ ಎರಡು ಮೂರು ದಿನ. ಅಷ್ಟು ಕಾಯೋಕೆ ಆಗದವರು ನಮ್ಮನ್ನು 10 ದಿನ ಕಾಯಿಸಿದರು!

ಕೊನೆಗೆ ಅಪ್ಪನ ಕಾಲಿನ ಕಿರುಬೆರಳು ತೆಗೆದರು. ಅಪ್ಪ "ಹೋಗ್ಲಿ ಬಿಡವ್ವಾ" ಅಂತಾರೆ. ನಾನು ಬಿಡಲ್ಲ. ರಿಪೋರ್ಟ್ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಸೋಮವಾರ ಆ ದವಾಖಾನೆಗೆ ಹೋಗಿ ಡಾಕ್ಟರ ಟೇಬಲ್ ಮೇಲೆ ಇಡುತ್ತೇನೆ. ಈ ಸಲವಾದರೂ ನೋಡಲಿ.