ಚೆಂಡು ಅವನ ಕೈಗೆ ಬರಲೇ ಇಲ್ಲ

ಮೊನ್ನೆ ಮಗಳ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ಒಬ್ಬ ಹುಡುಗನ ಬಗ್ಗೆ ಮಾತು ಬಂದಾಗ ಯಾರೋ ಹೇಳಿದರು: “ಅವನ ಸ್ವಭಾವವೇ ಹಾಗೆ, ಯಾರೊಂದಿಗೂ ಬೆರೆಯುವುದಿಲ್ಲ.” ಉಳಿದವರು ತಲೆಯಾಡಿಸಿದರು. ನನ್ನ ಕರುಳು ಚುರುಕ್ ಎಂದಿತು. ಇದೇ ಮಾತನ್ನು ಯಾದಗಿರಿ ಕಡೆಯ ನಮ್ಮೂರಿನ ಶಾಲೆಯಲ್ಲಿ ನಾನು ಕೇಳಿದ್ದೇನೆ. ಆಡಿದ್ದೇನೆ ಕೂಡ.

ನಮ್ಮ ಕಡೆ ತೊಗರಿ ರಾಶಿ ಮುಗಿಯುತ್ತಿದ್ದಂತೆ ಜನ ಗುಳೆ ಹೊರಡುತ್ತಾರೆ. ಬೆಂಗಳೂರು, ಪುಣೆ, ಮುಂಬೈ. ಗಂಟುಮೂಟೆಯ ಜೊತೆ ಮಕ್ಕಳೂ ಹೋಗುತ್ತಾರೆ. ಐದನೆಯ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗ ಹಾಗೆಯೇ ಹೋದವನು ಮುಂದಿನ ಪಂಚಮಿಯ ಹೊತ್ತಿಗೆ ಬಂದ. ಹೊಸ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಮಾಸ್ತರರು ಕೊನೆಯಲ್ಲಿ ಬರೆದುಕೊಂಡು, ಬಾಗಿಲ ಹತ್ತಿರ ಕೂಡು ಎಂದರು. ನಾವೆಲ್ಲ ಚಪ್ಪಲಿ ಬಿಡುತ್ತಿದ್ದ ಜಾಗ ಅದು.

ಸಂಜೆ ಲಗೋರಿ ಆಡುವಲ್ಲಿಗೆ ಬಂದು ನಿಂತ. ತಂಡಗಳು ಆಗಲೇ ಆಗಿದ್ದವು, “ನಾಳೆ ಬಾ” ಎಂದೆವು. ಮರುದಿನ ಸೇರಿಸಿಕೊಂಡೆವು, ಆದರೆ ಚೆಂಡು ಕೊಡಲಿಲ್ಲ. ಎರಡೂ ಅಂಗೈ ಚಾಚಿ “ಇತ್ತ ಒಗೆ, ಇತ್ತ ಒಗೆ” ಎನ್ನುತ್ತಿದ್ದ. ಜಲ್ಲಿ ಬುಟ್ಟಿ ಎತ್ತಿ ಎತ್ತಿ ಆ ಅಂಗೈಗಳು ಬಿರಿದಿದ್ದವು. ಮಾತಿನಲ್ಲಿ ಬೆಂಗಳೂರಿನ ಧಾಟಿ ಸೇರಿತ್ತು, ಅದನ್ನು ಅಣಕಿಸಿದೆವು. ಅಲ್ಲಿ ನಮ್ಮೂರ ಮಾತಿಗೆ ನಗುತ್ತಿದ್ದರಂತೆ. ನಾಲ್ಕೈದು ದಿನಗಳಲ್ಲಿ ಅವನು ಕೈ ಚಾಚುವುದನ್ನು ಬಿಟ್ಟ. ಆಮೇಲೆ ಬರುವುದನ್ನೂ ಬಿಟ್ಟ. ಅವನು ಯಾರೊಂದಿಗೂ ಬೆರೆಯುವುದಿಲ್ಲ ಎಂದು ನಾವು ಹೇಳತೊಡಗಿದ್ದು ಅದಾದ ಮೇಲೆ.

2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರ ಬಗ್ಗೆ ಓದಿದಾಗ ನನಗೆ ಆ ಅಂಗೈಗಳೇ ಕಂಡವು. ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಮೆದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿದವರಿಗೆ ಪರದೆಯ ಮೇಲೆ ಚೆಂಡಿನ ಆಟ ಆಡಿಸಿದರು. ಸ್ವಲ್ಪ ಹೊತ್ತಿನ ನಂತರ ಉಳಿದಿಬ್ಬರು ಆಟಗಾರರು ತಮ್ಮತಮ್ಮಲ್ಲೇ ಚೆಂಡು ಎಸೆದುಕೊಳ್ಳತೊಡಗಿದರು. ಆ ಇಬ್ಬರು ಮನುಷ್ಯರೆಂದೇ ಮಲಗಿದವರು ನಂಬಿದ್ದರು, ನಿಜಕ್ಕೂ ಅದು ಕಂಪ್ಯೂಟರ್. ಮೈಗೆ ಪೆಟ್ಟಾದಾಗಿನ ಸಂಕಟಕ್ಕೆ ಸಂಬಂಧಿಸಿದ ಮೆದುಳಿನ ಭಾಗವೇ ಆಗಲೂ ಚುರುಕಾಯಿತು. ನೋವಾಗುವ ಜಾಗಕ್ಕೆ ದಿನವೂ ಯಾರು ಹೋಗುತ್ತಾರೆ?

ಒಂಟಿಯಾಗಿರಲು ಇಷ್ಟಪಡುವವರಿದ್ದಾರೆ, ಅವರ ವಿಷಯ ಬೇರೆ. ಅವರು ಬಾಗಿಲನ್ನು ಒಳಗಿನಿಂದ ಹಾಕಿಕೊಂಡವರು.

ಒಬ್ಬರನ್ನು ಹೊರಗಿಡಲು ಕೇಡು ಬಗೆಯುವವರೇ ಬೇಕೆಂದೇನೂ ಇಲ್ಲ. ಎಳ್ಳಮಾವಾಸ್ಯೆಗೆ ನಮ್ಮ ಅವ್ವ ಹೊಲವಿಲ್ಲದ ಮನೆಗಳವರನ್ನೆಲ್ಲ ನಮ್ಮ ಹೊಲಕ್ಕೆ ಕರೆಯುತ್ತಿದ್ದಳು. ಭಜ್ಜಿ, ಸಜ್ಜೆ ರೊಟ್ಟಿ ಹೊಟ್ಟೆ ತುಂಬ ಬಡಿಸುತ್ತಿದ್ದಳು. ಆ ಹುಡುಗನ ಮನೆಯವರೂ ಬರುತ್ತಿದ್ದರು. ಒಂದು ವರ್ಷ ಅವರು ಊರಲ್ಲಿರಲಿಲ್ಲ, ಕರೆಯಲಿಲ್ಲ. ಮರುವರ್ಷ ಊರಲ್ಲಿದ್ದರು, ಕರೆಯುವುದು ಮರೆತುಹೋಗಿತ್ತು. ಮೂರನೆಯ ವರ್ಷ ಅವ್ವನೇ ಹೇಳಿದಳು: “ಅವರು ಈಗ ಯಾರ ಮನೆಗೂ ಬರುವುದಿಲ್ಲವಪ್ಪ.”

ಹೋದ ವರ್ಷ ಯಾದಗಿರಿ ರೈಲು ನಿಲ್ದಾಣದಲ್ಲಿ ಅವನನ್ನು ಕಂಡೆ. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಕಾಯುತ್ತಿದ್ದ, ಪಕ್ಕದಲ್ಲಿ ಹತ್ತು ವರ್ಷದ ಮಗ. ಹೆಸರು ಹಿಡಿದು ಕೂಗಿದೆ. ಬೇರೆ ಯಾರನ್ನೋ ಕರೆದರೆಂದುಕೊಂಡು ಅವನು ಹಿಂದೆ ತಿರುಗಿ ನೋಡಿದ.