ನಾಲ್ಕೂವರೆ ರವೆ

ಮೊನ್ನೆ ಮನೆಗೆ ಒಂದು ಆಹ್ವಾನ ಪತ್ರಿಕೆ ಬಂತು. ಬಾಗಿಲ ಸಂದಿಯಲ್ಲಿ ತೂರದೆ ಗೇಟಿಗೆ ಸಿಕ್ಕಿಸಿ ಹೋಗಿದ್ದರು. ಬಿಡಿಸಿದರೆ ಊಟದ ಎಲೆಯಷ್ಟು ಅಗಲ. ಮುಂದಿನ ತಿಂಗಳು ನಮ್ಮ ತುಮಕೂರಿನ ಹಳೇ ರಂಗಮಂದಿರವೊಂದರಲ್ಲಿ ಮೂರು ದಿನ ಹಿರಿಯ ಸಂಗೀತಗಾರರ ಕಛೇರಿಯಂತೆ. ಖುಷಿಯಾಯಿತು. ಯಾರು ಹಾಡುತ್ತಾರೆ ಎಂದು ಹುಡುಕಿದೆ.

ಹುಡುಕಿದೆ ಅಂದರೆ ನಿಜಕ್ಕೂ ಹುಡುಕಿದೆ. ಮೇಲೆ ಘನ ಉಪಸ್ಥಿತಿ. ಅದರ ಕೆಳಗೆ ಉದ್ಘಾಟನೆ, ಅಧ್ಯಕ್ಷತೆ, ಜ್ಯೋತಿ ಬೆಳಗಿಸುವವರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತಿ. ಉದ್ಘಾಟನೆ ಮಾಡುವವರು ಒಬ್ಬರು, ಜ್ಯೋತಿ ಬೆಳಗಿಸುವವರು ಇನ್ನೊಬ್ಬರು. ಹಚ್ಚುವುದು ಮಾತ್ರ ಅದೇ ಒಂದು ದೀಪ. ಎಣಿಸಿದೆ, 43 ಹೆಸರು. ಕೊನೆಗೆ, 'ಲಘು ಉಪಾಹಾರದ ವ್ಯವಸ್ಥೆ ಇರುತ್ತದೆ' ಎಂಬ ಸಾಲಿನ ಕೆಳಗೆ ಹಾಡುವವರು ಸಿಕ್ಕರು. ಅವರ ಕೆಳಗೆ ಪ್ರೆಸ್ಸಿನ ಹೆಸರು, ಫೋನ್ ನಂಬರ್. ಅದು ಅವರಿಗಿಂತ ದಪ್ಪಕ್ಷರದಲ್ಲಿತ್ತು.

ಪತ್ರಿಕೆಯ ಪೂರ್ತಿ ಫೋಟೊಗಳು ಬೇರೆ. ಒಬ್ಬರಿಗೂ ತಂಬೂರಿಗೂ ಸಂಬಂಧ ಕಾಣಲಿಲ್ಲ. 'ಹಿರಿಯರು' ಎಂದು ತಲೆಬರಹ, ಕೆಳಗೆ ಕೈಮುಗಿದು ನಿಂತ ಯುವ ಮುಖಂಡರು. ನಮ್ಮ ಕಡೆ ಯುವ ಮುಖಂಡ ಅಂದರೆ ಐವತ್ತೈದರವರೆಗೂ ನಡೆಯುತ್ತದೆ. ಹಾಗಾಗಿ ತಲೆಬರಹ ಪೂರಾ ಸುಳ್ಳಲ್ಲ ಬಿಡಿ.

ಹೋದ ವರ್ಷವೂ ಇಂಥದ್ದೇ ಒಂದು ಉತ್ಸವ ಆಗಿತ್ತು. ಸಮಿತಿಯವರು ನನ್ನನ್ನೂ ಕರೆದಿದ್ದರು. "ನಿಮಗೆ ಸಂಗೀತ ಗೊತ್ತಲ್ವಾ ಸಾರ್, ನೀವು ಗ್ರೀನ್ ರೂಮ್ ನೋಡ್ಕೊಳ್ಳಿ" ಅಂದರು. ಸಂಗೀತ ಗೊತ್ತಿರುವವರನ್ನೆಲ್ಲ ಪರದೆಯ ಹಿಂದೆ ಕೂರಿಸುವುದು ಇಲ್ಲಿನ ಸಂಪ್ರದಾಯ. ನಾನೂ ಹೋಗಿ ಕೂತೆ.

ಅಲ್ಲಿ ಮೃದಂಗದ ವಿದ್ವಾಂಸರೊಬ್ಬರು ಇದ್ದರು. ಎಪ್ಪತ್ತಾರು ವರ್ಷ. ಬಸ್ಸಿನಲ್ಲಿ ಮೃದಂಗವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದಿದ್ದರು. ಹಲಸಿನ ಮರದ್ದು, ಮಗುವಿಗಿಂತ ಭಾರ. ಪತ್ರಿಕೆಯಲ್ಲಿ 'ಸಂಜೆ 6ಕ್ಕೆ ಸರಿಯಾಗಿ' ಎಂದು ಇತ್ತಲ್ಲ, ಅವರು ಅದನ್ನು ನಂಬಿದ್ದರು. ಐದೂ ಮುಕ್ಕಾಲಿಗೆ ಒಂದು ಸ್ಟೀಲ್ ಡಬ್ಬಿ ತೆಗೆದರು. ಅದರಲ್ಲಿ ರವೆ. ಬಟ್ಟಲಿಗೆ ಸುರಿದು, ನೀರು ಚಿಮುಕಿಸಿ, ಹೋಳಿಗೆಯ ಕಣಕ ನಾದುವ ಹಾಗೆ ನಾದಿದರು. ಬಿಲ್ಲೆ ಮಾಡಿ ಮೃದಂಗದ ಎಡಗಡೆಯ ಚರ್ಮದ ನಡುವೆ ಒತ್ತಿದರು. ಹೆಬ್ಬೆರಳಿನಿಂದ ಅಂಚು ತೀಡಿದರು. ಒಂದು ಸಲ ತಟ್ಟಿದರು. 'ಧೋಂ' ಎಂದು ಕೆಳಗಿನಿಂದ ಎದ್ದು ಬಂತು. ಆ ಗುಂಗು ಬರುವುದೇ ಆ ರವೆಯಿಂದ. ಒಣಗಿದರೆ ಮುಗೀತು, ಎಡಗಡೆ ರಟ್ಟಿನ ಡಬ್ಬದ ಹಾಗೆ ಆಗುತ್ತದೆ. ಕೆರೆದು ತೆಗೆದು ಮತ್ತೆ ಹಚ್ಚಬೇಕು.

ಆ ದಿನ ಎಸಿ ಜೋರಾಗಿತ್ತು. ಒಂದು ಸಲ ಹಚ್ಚಿದ ರವೆ ಮುಕ್ಕಾಲು ಗಂಟೆಯಲ್ಲಿ ಬಿರುಕು ಬಿಡುತ್ತಿತ್ತು. ನನ್ನ ಗಡಿಯಾರಕ್ಕೆ ಸೆಲ್ ಹಾಕಿಸಿರಲಿಲ್ಲ. ಹಾಗಾಗಿ ಅವತ್ತಿನಿಂದ ಹೊತ್ತನ್ನು ರವೆಯಲ್ಲೇ ಅಳೆಯುವುದು ರೂಢಿಯಾಯಿತು.

ಮೊದಲನೇ ರವೆ ಒಣಗಿದಾಗ ಕಾರ್ಯಕ್ರಮ ಇನ್ನೂ ಶುರುವಾಗಿರಲಿಲ್ಲ. ಮುಖ್ಯ ಅತಿಥಿಗಳು ಬೆಂಗಳೂರಿನಿಂದ ಬರಬೇಕಿತ್ತು. "ಕ್ಯಾತ್ಸಂದ್ರದ ಹತ್ರ ಇದ್ದಾರೆ ಸಾರ್, ಇನ್ನೇನು ಬಂದ್ರು" ಎಂದು ಹತ್ತು ನಿಮಿಷಕ್ಕೊಮ್ಮೆ ಒಬ್ಬ ಹುಡುಗ ಬಂದು ಹೇಳಿ ಹೋಗುತ್ತಿದ್ದ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಹಿಟ್ಟು ರುಬ್ಬಿ, ಹುದುಗು ಬರಿಸಿ, ಬೇಯಿಸಿ ತಿಂದು ಬರುವುದಕ್ಕೂ ಅಷ್ಟು ಹೊತ್ತು ಬೇಡ.

ಎರಡನೇ ರವೆಗೆ ನಾಡಗೀತೆ ಆಯಿತು, ಸ್ವಾಗತವೂ ಶುರುವಾಯಿತು. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಮುಗಿಸಬೇಕು ಎಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿದೆ. ಒಳ್ಳೆಯದೇ. ಆದರೆ ಹಾಡನ್ನು ಅಳೆದವರು ಸ್ವಾಗತ ಭಾಷಣವನ್ನು ಯಾಕೆ ಅಳೆಯಲಿಲ್ಲ? ಒಬ್ಬೊಬ್ಬರ ಹೆಸರು, ಹೆಸರಿನ ಹಿಂದಿನ ಬಿರುದು, ಮುಂದಿನ ಹುದ್ದೆ, ಮಾಜಿ ಹುದ್ದೆ, ಆಗಬಹುದಾದ ಹುದ್ದೆ. ಪ್ರತಿಯೊಬ್ಬರಿಗೂ ಒಂದು ಹಾರ, ಒಂದು ಪುಸ್ತಕ, ಒಂದು ಫೋಟೊ. "ಹೆಸರು ಬಿಟ್ಟು ಹೋಗಿದ್ದರೆ ಕ್ಷಮಿಸಿ" ಎಂದು ಕೊನೆಗೆ ಬೇರೆ ಅಂದರು. ಕೂಡಲೇ ಮೂರು ಜನ ಎದ್ದು ನಿಂತರು, ಬಿಟ್ಟು ಹೋಗಿದ್ದವರು.

ಮೂರನೇ ರವೆ ದೀಪದ್ದು. ಎಸಿ ಗಾಳಿಗೆ ಬತ್ತಿ ಹತ್ತಲಿಲ್ಲ. ಒಂದು ಕಡ್ಡಿ, ಎರಡು ಕಡ್ಡಿ, ಹೀಗೆ ಎಂಟು ಕಡ್ಡಿ ಗೀರಿದರು. ಐದು ಜನ ಸುತ್ತ ನಿಂತು ಅಂಗೈ ಅಡ್ಡ ಹಿಡಿದರು. ಎಸಿ ಆಫ್ ಮಾಡಿ ಅಂತ ಒಬ್ಬರಿಗೂ ಹೊಳೆಯಲಿಲ್ಲ. ಆಮೇಲೆ ಮೊದಲನೆಯವರು ಭಾಷಣಕ್ಕೆ ನಿಂತು, ದೀಪಕ್ ರಾಗ ಹಾಡಿದರೆ ದೀಪ ತಾನಾಗಿ ಹತ್ತಿಕೊಳ್ಳುತ್ತಿತ್ತು ಎಂದು ತಾನ್‌ಸೇನನ ಕಥೆ ಹೇಳಿದರು. ಎರಡನೆಯವರು ತಾನ್‌ಸೇನನಿಂದಲೇ ಶುರು ಮಾಡಿದರು. ಮೂರನೆಯವರು, "ಈಗಾಗಲೇ ಹಿಂದೆ ಮಾತಾಡಿದವರು ಎಲ್ಲಾ ಹೇಳಿದ್ದಾರೆ, ಆದರೂ" ಎಂದು ಮತ್ತೊಮ್ಮೆ ದೀಪ ಹಚ್ಚಿಸಿದರು. ನಾಲ್ಕನೆಯವರು ಸಂಗೀತ ಕೇಳಿದ ಹಸು ಜಾಸ್ತಿ ಹಾಲು ಕೊಡುತ್ತದೆ ಅಂದರು. ಮುಂದಿನ ಸಾಲಿನಲ್ಲಿ ಹೈನುಗಾರರ ಸಂಘದ ಒಬ್ಬರು ಕೂತಿದ್ದರು, ಅವರೊಬ್ಬರೇ ಚಪ್ಪಾಳೆ ತಟ್ಟಿದ್ದು.

ಈಗ ನಾವು ಕೇಳುವ ಕಛೇರಿಗೆ ಒಂದು ಅಚ್ಚುಕಟ್ಟು ಕೊಟ್ಟವರು ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು ಎನ್ನುತ್ತಾರೆ. ಮೊದಲು ವರ್ಣ, ಆಮೇಲೆ ಚುರುಕಾದ ಕೃತಿಗಳು, ನಡುವೆ ದೊಡ್ಡ ರಾಗ, ಹಾಡು ನಿಲ್ಲಿಸಿ ಮೃದಂಗಕ್ಕೆ ಬಿಟ್ಟುಕೊಡುವ ತನಿ, ಕೊನೆಗೆ ಪುಟ್ಟ ಪುಟ್ಟ ರಚನೆಗಳು, ಮಂಗಳ. ನಮ್ಮ ಊರಿನವರು ಆ ಪದ್ಧತಿಯನ್ನು ಬಿಟ್ಟಿಲ್ಲ, ಸಂಗೀತವನ್ನಷ್ಟೇ ತೆಗೆದಿದ್ದಾರೆ. ನಿರೂಪಕಿಯದು ಆಲಾಪನೆ. ಸ್ವಾಗತ ವರ್ಣ. ಮುಖ್ಯ ಅತಿಥಿಗಳು 'ಸಂಗೀತಕ್ಕೆ ರೋಗ ವಾಸಿ ಮಾಡುವ ಶಕ್ತಿ ಇದೆ' ಎಂಬ ಒಂದೇ ಸಾಲನ್ನು ಹಿಡಿದು ಇಪ್ಪತ್ತು ನಿಮಿಷ ನೆರವಲ್ ಮಾಡಿದರು. ಹೊರಗೆ ಎಳೆದರು, ಒಳಗೆ ಎಳೆದರು, ತಾಳ ಶುರುವಾಗುವ ಸಮಕ್ಕೆ ಮಾತ್ರ ಬರಲಿಲ್ಲ.

ವೇದಿಕೆಯ ಹಲಗೆ ಕಿರ್ರ್ ಎನ್ನುತ್ತಿತ್ತು. ಪಾಪ, ಹಳೇ ರಂಗಮಂದಿರ. ಅಷ್ಟೂ ಜನ, ಅವರ ಸೋಫಾ, ಸೋಫಾದ ಹಿಂದೆ ನಿಂತ ಅವರ ಕಡೆಯವರು. ಕೂತಲ್ಲೇ ನನಗೆ ಗುಬ್ಬಿ ನೆನಪಾಯಿತು. ಇಲ್ಲಿಂದ ಇಪ್ಪತ್ತೇ ಕಿಲೋಮೀಟರ್. 1884ರಲ್ಲಿ ಅಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿ ಆಮೇಲೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಸುತ್ತಿತು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತರುತ್ತಿದ್ದರು. ಆನೆಗೂ ಅತಿಥಿಗೂ ಒಂದೇ ವ್ಯತ್ಯಾಸ. ಆನೆ ತನ್ನ ದೃಶ್ಯ ಮುಗಿದ ಮೇಲೆ ಇಳಿದು ಹೋಗುತ್ತಿತ್ತು. ಕೈಗೆ ಮೈಕ್ ಕೊಡಿ ಅಂತಲೂ ಕೇಳುತ್ತಿರಲಿಲ್ಲ.

ನಾಲ್ಕನೇ ರವೆಗೆ ಸನ್ಮಾನ. ವಿದ್ವಾಂಸರನ್ನು ಕರೆದರು. ಆಗಷ್ಟೇ ಹಚ್ಚಿದ್ದ ರವೆಯ ಕೈ ತೊಳೆದುಕೊಳ್ಳುವುದಕ್ಕೂ ಬಿಡದೆ ಎಳೆದೊಯ್ದು ಕೂರಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ಯಾವುದೋ ದೊಡ್ಡ ತಲೆಗೆ ಎಂದು ತಂದದ್ದು. ಇಟ್ಟ ಕೂಡಲೇ ಜಾರಿ ಮೂಗಿನ ಮೇಲೆ ಕೂತಿತು. ಹಿಂದಿನಿಂದ ನಲವತ್ತು ಕೈಗಳು ಬುಟ್ಟಿ ಹಿಡಿದವು. ಫೋಟೊ ತೆಗೆದರು. ಏನೂ ಕಾಣದೆ ಅವರು ಮೈಕಿನ ಸ್ಟ್ಯಾಂಡಿಗೆ ಕೈ ಮುಗಿದರು.

ವಂದನಾರ್ಪಣೆ ಅರ್ಧ ರವೆ. ಅಲ್ಲಿಗೆ ಒಟ್ಟು ನಾಲ್ಕೂವರೆ. ಒಂಬತ್ತೂ ಹತ್ತಕ್ಕೆ ಅತಿಥಿಗಳು ಎದ್ದರು. ಅವರ ಜೊತೆ ಫೋಟೊಗ್ರಾಫರ್ ಎದ್ದ, ಟಿವಿಯವರು ಎದ್ದರು, ಮುಕ್ಕಾಲು ಸಭೆ ಎದ್ದಿತು. ಉಳಿದ ನಾವು ಅರವತ್ತು ಜನ ಮುಂದಿನ ಸಾಲುಗಳಿಗೆ ಬಂದು ಕೂತೆವು. ಒಂದು ರೀತಿಯಲ್ಲಿ ಅದೇ ಒಳ್ಳೆಯದಾಯಿತು.

ಗಾಯಕಿಗೂ ಎಪ್ಪತ್ತು ದಾಟಿತ್ತು. ಮೋಹನ ರಾಗ ತೆಗೆದರು. ಎರಡು ಎಳೆ ಎಳೆದಿರಲಿಲ್ಲ, ಪಕ್ಕದಿಂದ ಒಬ್ಬರು ಬಂದು ಚೀಟಿ ಕೊಟ್ಟರು. '10ಕ್ಕೆ ಮುಗಿಸಿ.' ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕಬಾರದು ಎಂಬ ಕಾನೂನು ಇದೆಯಂತೆ. ಇದೆ, ನಿಜ. 2000ನೇ ಇಸವಿಯ ಶಬ್ದ ಮಾಲಿನ್ಯದ ನಿಯಮ. ಆದರೆ ಅದೇ ನಿಯಮ ಬಾಗಿಲು ಮುಚ್ಚಿದ ಸಭಾಂಗಣಗಳನ್ನು ಹೊರಗಿಟ್ಟಿದೆ. ಅದನ್ನು ಹೇಳಿದೆ. "ಸಾರ್, ಕಾನೂನು ಆಮೇಲೆ ಮಾತಾಡೋಣ, ಮೈಕ್ ಸೆಟ್ಟಿನವನು ಹೊರಟು ನಿಂತಿದ್ದಾನೆ" ಅಂದರು. ನಾಳೆ ಅವನಿಗೆ ಮದುವೆ ಆರ್ಡರ್ ಇತ್ತಂತೆ.

ತನಿ ಬಿಟ್ಟಾಗ ಹತ್ತಕ್ಕೆ ನಾಲ್ಕು ನಿಮಿಷ ಬಾಕಿ. ಗಾಯಕಿ ಕೈ ತೋರಿಸಿ, ಕ್ಷಮಿಸಿ ಎನ್ನುವ ಹಾಗೆ ನೋಡಿದರು. ಕಛೇರಿಗೆಂದು ಹೊಸದಾಗಿ ಹಚ್ಚಿದ್ದ ರವೆ ಇನ್ನೂ ಹಸಿಯಾಗಿತ್ತು. ವಿದ್ವಾಂಸರು ಶುರು ಮಾಡಿದರು, ಅಷ್ಟರಲ್ಲಿ ಮೈಕಿನ ಹುಡುಗ ವೈರು ಸುತ್ತಿಕೊಳ್ಳತೊಡಗಿದ. ಸ್ಪೀಕರ್ ಟಪ್ ಎಂದು ಸತ್ತಿತು. ಅವರು ತಲೆ ಎತ್ತಲಿಲ್ಲ. ಮೈಕ್ ಇಲ್ಲದ ಮೃದಂಗ ಆ ಹಳೇ ಗೋಡೆಗಳಿಗೆ ತಾಗಿ ವಾಪಸ್ ಬಂದಾಗ ಮೈ ಝುಂ ಎಂದಿತು. ಸಂಜೆಯಿಂದ ಕಿವಿಗೆ ಹೊಡೆಯುತ್ತಿದ್ದ ಸ್ಪೀಕರ್ ಯಾಕಿತ್ತೋ. ಹಿಂದಿನ ಕಾಲದಲ್ಲಿ ಮೈಕಿಲ್ಲದೆಯೇ ನೆಲದ ಟಿಕೆಟ್ಟಿನವರಿಗೂ ಕೇಳುವ ಹಾಗೆ ಹಾಡುತ್ತಿದ್ದರಂತೆ, ಅಂಥವರಿಗೆ ಎಂದೇ ಕಟ್ಟಿದ ಜಾಗ ಇರಬೇಕು. ಮೂರು ನಿಮಿಷ. ಎಡಗೈಯ ಒಂದೊಂದು ಗುಂಗೂ ಎದೆಯೊಳಗೆ ಬಿತ್ತು. ವೈರು ಸುತ್ತುತ್ತಿದ್ದ ಹುಡುಗನೂ ಕೈಯಲ್ಲಿ ಸುರುಳಿ ಹಿಡಿದು ನಿಂತೇ ಬಿಟ್ಟಿದ್ದ.

ಇಷ್ಟಕ್ಕೆ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ವಿದ್ವಾಂಸರು ಗೌರವ ಸಂಭಾವನೆಗೆ ಎಂದು ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಜೆರಾಕ್ಸ್ ಎಲ್ಲ ಕೊಟ್ಟು ಬಂದಿದ್ದರು. ಎರಡು ತಿಂಗಳ ಮೇಲೆ ಬಿಲ್ ವಾಪಸ್ ಬಂತು. ಜಿಪಿಎಸ್ ಫೋಟೊ ಸರಿ ಇಲ್ಲವಂತೆ. ಅವರ ಜೊತೆ ನಾನೂ ಹೋದೆ. ಯಾವ ಕಚೇರಿ ಅಂತ ಬೇಡ. ಫೈಲಿನಲ್ಲಿ ಫೋಟೊ ಇತ್ತು. ಅಕ್ಷಾಂಶ ಇತ್ತು, ರೇಖಾಂಶ ಇತ್ತು, ದಿನಾಂಕ, ಸಮಯ ಎಲ್ಲಾ ಇತ್ತು. ಸಂಗೀತ ಇರಲಿಲ್ಲ.

"ಕಾರ್ಯಕ್ರಮ ಆಗಿದೆ ಅನ್ನೋದಕ್ಕೆ ದಾಖಲೆ ಇದೆ ಸಾರ್. ಇವರು ನುಡಿಸಿದ್ದಕ್ಕೆ ಇಲ್ಲ."

"ಫೋಟೊದವರು ಭಾಷಣ ಮುಗಿದ ಕೂಡಲೇ ಹೋದರು."

"ಅದು ನಮಗೆ ಗೊತ್ತಾಗಲ್ಲ ಅಲ್ವಾ?"

ಸನ್ಮಾನದ ಫೋಟೊ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. "ಇದು ಪೇಟ ಸಾರ್. ಮುಖ ಎಲ್ಲಿ?"

ವಿದ್ವಾಂಸರು ಮೇಜಿನ ಅಂಚಿಗೆ ಎರಡು ಬೆರಳಿನಿಂದ ಮೆಲ್ಲಗೆ ತಾಳ ಹಾಕುತ್ತಾ ನಿಂತಿದ್ದರು. ಬೇಕಾದರೆ ಇಲ್ಲೇ ನುಡಿಸುತ್ತೇನೆ, ಫೋಟೊ ತೆಗೆದುಕೊಳ್ಳಿ ಅಂದರು. ಜಾಗದ ಅಕ್ಷಾಂಶ ಬದಲಾಗುತ್ತೆ, ಆಗಲ್ಲ ಎಂದು ಉತ್ತರ ಬಂತು. ವಾದದಲ್ಲಿ ತಪ್ಪು ಹುಡುಕುವುದು ಕಷ್ಟ.

ಪಕ್ಕದ ಜಿಲ್ಲೆ ನೋಡಿ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಗೆ ಸಂತಕವಿ ಯೋಗಿ ನಾರೇಯಣ ತಾತಯ್ಯನವರ ಹೆಸರಿನಲ್ಲಿ 72 ಗಂಟೆ ಎಡೆಬಿಡದೆ ಸಂಗೀತ ನಡೆಯುತ್ತದೆ. ನಮ್ಮ ಸಮಿತಿಯ ಒಬ್ಬರಿಗೆ ಇದನ್ನು ಹೇಳಿದೆ. ಕಣ್ಣರಳಿಸಿ, "72 ಗಂಟೆನಾ? ಹಂಗಾದ್ರೆ ವೇದಿಕೆ ಮೇಲೆ ಎಷ್ಟು ಜನರನ್ನ ಕೂರಿಸಬಹುದು ಸಾರ್!" ಅಂದರು.

ಈ ವರ್ಷದ ಪೂರ್ವಭಾವಿ ಸಭೆಗೂ ಹೋಗಿದ್ದೆ. ಹೋದ ಸಲದ ಲೋಪಗಳ ಬಗ್ಗೆ ಚರ್ಚೆ ಆಯಿತು. ನಾನು ಎದ್ದು ರವೆಯ ವಿಷಯ ಎತ್ತಿದೆ. ಮೊದಲು ಸಂಗೀತ ಇಟ್ಟು ಭಾಷಣವನ್ನು ಆಮೇಲೆ ಇಡಬಹುದಲ್ವಾ ಎಂದೆ. ಸಭೆ ಒಂದು ಕ್ಷಣ ಗಂಭೀರವಾಯಿತು. "ಆಮೇಲೆ ಇಟ್ಟರೆ ಕೇಳೋಕೆ ಜನ ಇರಲ್ಲ ಸಾರ್" ಅಂದರು ಒಬ್ಬರು, ಬಹಳ ಪ್ರಾಮಾಣಿಕವಾಗಿ. ಇನ್ನೊಬ್ಬರು ಮೊಬೈಲಿನಲ್ಲಿ ಹುಡುಕಿ ಒಂದು ವಿಷಯ ಕಂಡುಹಿಡಿದರು. ಈಗಿನ ಹುಡುಗರು ಮೃದಂಗಕ್ಕೆ ರವೆ ಬದಲು ಒಣಗದ ಅಂಟು ಹಚ್ಚುತ್ತಾರಂತೆ. ತಕ್ಷಣ ಠರಾವು ಪಾಸಾಯಿತು. ಸಂಗೀತಗಾರರು ಇನ್ನು ಮುಂದೆ ಒಣಗದ ಅಂಟನ್ನೇ ಬಳಸತಕ್ಕದ್ದು. ಸಮಿತಿಯಿಂದ ಒಂದು ಟ್ಯೂಬ್ ಉಚಿತ. ಟ್ಯೂಬ್ ಹಸ್ತಾಂತರಕ್ಕೆ ವೇದಿಕೆಯಲ್ಲಿ ಐದು ನಿಮಿಷ, ಹಸ್ತಾಂತರಿಸುವವರ ಹೆಸರನ್ನು ಪತ್ರಿಕೆಗೆ ಸೇರಿಸುವುದು. ಆ ಹೆಸರೇ ನಲವತ್ತಮೂರನೆಯದು.

ನಿನ್ನೆ ವಿದ್ವಾಂಸರಿಗೆ ಫೋನ್ ಮಾಡಿ ಠರಾವು ತಿಳಿಸಿದೆ. ನಕ್ಕರು. ಅಂಟಿಗೆ ಆ ಗುಂಗು ಬರಲ್ಲ ಅಂದರು. ಆಮೇಲೆ ಕೇಳಿದರು.

"ಈ ಸಲ ಮೇಲೆ ಎಷ್ಟು ಜನ ಸಾರ್?"

"ನಲವತ್ತಮೂರು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಫೋನಿಗೆ ಕೈ ಅಡ್ಡ ಇಟ್ಟು ಒಳಗೆ ಕೂಗಿದ್ದು ಕೇಳಿಸಿತು.

"ಏ, ಅಂಗಡಿ ಚೀಟಿಯಲ್ಲಿ ರವೆ ಒಂದು ಕೆಜಿ ಮಾಡೇ. ಉಪ್ಪಿಟ್ಟಿಗಲ್ಲ, ಭಾಷಣಕ್ಕೆ."