ನಾಳೆ ಬಾ

ಮೊನ್ನೆ ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಹೇಳಲ್ಲ. ಹೇಳಿದರೆ ನನ್ನ ಕಾಗದ ಈ ಜನ್ಮದಲ್ಲಿ ಸಿಗಲ್ಲ. ಹೇಳದಿದ್ದರೂ ಸಿಗುವ ಲಕ್ಷಣ ಕಾಣ್ತಿಲ್ಲ, ಅದು ಬೇರೆ ಮಾತು. ಕಿಟಕಿಯ ಗಾಜಿಗೆ ಒಂದು ಬೋರ್ಡು ಅಂಟಿಸಿದ್ದರು: 'ಸರ್ವರ್ ಇಲ್ಲ'.

ಇದರಲ್ಲೇನು ವಿಶೇಷ ಅಂತೀರಾ? ಆ ಬೋರ್ಡಿಗೆ ಲ್ಯಾಮಿನೇಷನ್ ಮಾಡಿಸಿದ್ದರು. ನಾಲ್ಕು ಮೂಲೆಗೂ ನೀಟಾಗಿ ಟೇಪು. ಬಿಸಿಲಿಗೆ ಬಣ್ಣ ಹೋಗಬಾರದು, ಮಳೆಗೆ ನೆನೆಯಬಾರದು. ಒಂದು ದಿನದ ತೊಂದರೆಗೆ ಯಾರೂ ಲ್ಯಾಮಿನೇಷನ್ ಮಾಡಿಸಲ್ಲ. ಇಷ್ಟು ಮುಂದಾಲೋಚನೆ ನಮ್ಮ ಆಡಳಿತದಲ್ಲಿ ಬೇರೆಲ್ಲೂ ನಾನು ಕಂಡಿಲ್ಲ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಸುಣ್ಣದಲ್ಲಿ ಬರೆದಿರುತ್ತಿದ್ದರು, ನೆನಪಿದೆಯಾ? ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿಕೊಂಡು ವಾಪಸ್ ಹೋಗುತ್ತದೆ. ಮರುದಿನ ಬಂದು ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಅಂದು ದೆವ್ವಕ್ಕೆ ನಾವು ಹೂಡಿದ ಉಪಾಯವನ್ನೇ ಈಗ ನಮಗೆ ಹೂಡಿದ್ದಾರೆ. ಪಾಪದ ದೆವ್ವ, ಅದಕ್ಕೆ ಅರ್ಧ ದಿನದ ರಜೆ ಹಾಕುವ ಕಷ್ಟ ಇರಲಿಲ್ಲ. ಟೋಕನ್ನೂ ಇರಲಿಲ್ಲ.

ಸರ್ವರ್ ಅಂದರೆ ನನ್ನ ಚಿಕ್ಕಂದಿನಲ್ಲಿ ಹೋಟೆಲಿನವನು. ಹೆಗಲ ಮೇಲೆ ಒದ್ದೆ ಬಟ್ಟೆ, ಒಂದೇ ಕೈಯಲ್ಲಿ ನಾಲ್ಕು ಲೋಟ ನೀರು, ನಾಲ್ಕರೊಳಗೂ ಒಂದೊಂದು ಬೆರಳು. ನಿಂತಲ್ಲೇ ಉಸಿರು ಬಿಡದೆ ಇಡ್ಲಿಯಿಂದ ಹಿಡಿದು ಬಾದಾಮಿ ಹಾಲಿನವರೆಗೆ ಹೇಳಿ ಮುಗಿಸುತ್ತಿದ್ದ. ಸಾಂಬಾರು ಆರಿದ್ದರೆ ಅವನನ್ನು ಕರೆದು ಬೈಯಬಹುದಿತ್ತು. ಅವನು ಕೇಳದಿದ್ದರೆ ಗಲ್ಲಾದಲ್ಲಿ ಕೂತ ಮಾಲೀಕರ ಹತ್ತಿರ ಹೋಗಬಹುದಿತ್ತು. ಅವರು ಅಲ್ಲಿಂದಲೇ 'ಲೋ' ಅಂತ ಒಂದು ಕೂಗು ಹಾಕಿದರೆ ಬಿಸಿ ಸಾಂಬಾರು ಬರುತ್ತಿತ್ತು. ಒಂದು ಊಟಕ್ಕೆ ಇಷ್ಟೆಲ್ಲ ಹೊಣೆಗಾರಿಕೆ. ಈಗಿನ ಸರ್ವರ್ ಎಲ್ಲಿದೆ, ಅದರ ಮಾಲೀಕರು ಯಾರು, ಯಾರು ಕೂಗಿದರೆ ಅದಕ್ಕೆ ಕೇಳಿಸುತ್ತದೆ? ಕಿಟಕಿಯ ಒಳಗಿದ್ದ ಹುಡುಗನನ್ನು ಕೇಳಿದೆ. 'ಮೇಲಿಂದ ಸಾರ್' ಅಂದ. ನಾನು ತಲೆ ಎತ್ತಿ ನೋಡಿದೆ. ಫ್ಯಾನು ತಿರುಗುತ್ತಿತ್ತು.

ಸುಮ್ನೆ ಮನೆಗೆ ಬರಬೇಕಿತ್ತು. ಬುದ್ಧಿ ಕೆಟ್ಟು ಆ ಬೋರ್ಡಿನ ಫೋಟೋ ತೆಗೆದು ನಮ್ಮ ಬಳಗದ ವಾಟ್ಸಾಪ್ ಗ್ರೂಪಿಗೆ ಹಾಕಿದೆ.

ಮೂರನೇ ನಿಮಿಷಕ್ಕೆ ನೆಹರೂ ಬಂದರು. ನಮ್ಮ ಗ್ರೂಪಿನಲ್ಲಿ ಯಾವುದೇ ವಿಷಯಕ್ಕೂ ನೆಹರೂ ಐದು ನಿಮಿಷದೊಳಗೆ ಬಂದೇ ಬರುತ್ತಾರೆ. ಸರ್ಕಾರಿ ಸೇವೆ ಇಷ್ಟು ಚುರುಕಾಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಭಾವನವರು 'ಎಪ್ಪತ್ತು ವರ್ಷ ಏನು ಕಿಸಿದ್ರು?' ಅಂತ ಹಾಕಿದರು. ಚಿಕ್ಕಪ್ಪ 'ರಾಜ್ಯದ್ದು ಬಿಡಿ, ಕೇಂದ್ರದ ಸರ್ವರ್ ಮಾತಾಡಿ' ಅಂದರು. ಅಲ್ಲಿಗೆ ನನ್ನ ಕಾಗದ ಸತ್ತಿತು.

ನಡುವೆ ಅಕ್ಕನ ಮಗ ಬಾಯಿ ಹಾಕಿದ. ಅವನು ಸಾಫ್ಟ್‌ವೇರ್ ಹುಡುಗ. 'ಮಾವ, ಇವೆಲ್ಲ ನಮ್ಮ ತೆರಿಗೆ ದುಡ್ಡಲ್ಲಿ ಮಾಡಿದ್ದು. ಕೋಡು ಓಪನ್ ಸೋರ್ಸ್ ಇರಬೇಕು. ಎಲ್ಲಿ ಕೆಟ್ಟಿದೆ ಅಂತ ಯಾರು ಬೇಕಾದ್ರೂ ನೋಡಿ ಹೇಳಬಹುದು' ಅಂತ ಬರೆದ. ಭಾವನವರ ಉತ್ತರ: 'ಓಪನ್ ಇಟ್ರೆ ಚೀನಾದವರು ನೋಡಲ್ವಾ? ಮನೆ ಬಾಗಿಲು ಓಪನ್ ಇಟ್ಟು ಮಲಗ್ತೀಯಾ?' ಬೀಗ ಹೇಗೆ ಕೆಲಸ ಮಾಡುತ್ತದೆ ಅಂತ ಊರಿಗೆಲ್ಲ ಗೊತ್ತಿದ್ದರೂ ಬೀಗದ ಕೈ ನಮ್ಮ ಜೇಬಿನಲ್ಲೇ ಇರುತ್ತದಲ್ಲ ಅಂತ ಅವನು ಹದಿನಾಲ್ಕು ಮೆಸೇಜು ಕಳಿಸಿದ. 'ಸುಮ್ನಿರೋ' ಅಂತ ಒಂದೇ ಮೆಸೇಜಿನಲ್ಲಿ ಭಾವ ಗೆದ್ದರು. ಇವರಿಬ್ಬರೂ ಅಪ್ಪ ಮಗ. ಒಬ್ಬರು ಹಾಲ್‌ನಲ್ಲಿ, ಇನ್ನೊಬ್ಬ ರೂಮಿನಲ್ಲಿ. ನಡುವೆ ನಮ್ಮಕ್ಕ ಕಾಫಿ ಹಿಡಿದುಕೊಂಡು ಓಡಾಡುತ್ತಿದ್ದಳಂತೆ.

ಆ ಹುಡುಗನ ಪಂಗಡದವರನ್ನೂ ಹೊಗಳಬೇಡಿ. ಅವನ ಗೆಳೆಯರ ಬಳಗದಲ್ಲಿ ಅದೇ ಹೊತ್ತಿಗೆ ಬೇರೆ ಯುದ್ಧ ನಡೆದಿತ್ತು. ಇದನ್ನು 'ಮುಕ್ತ ತಂತ್ರಾಂಶ' ಅನ್ನಬೇಕೋ 'ಸ್ವತಂತ್ರ ತಂತ್ರಾಂಶ' ಅನ್ನಬೇಕೋ ಅಂತ. ಇಂಥದ್ದೇ ಒಂದು ತಂತ್ರಾಂಶವನ್ನು ಲಿನಕ್ಸ್ ಅಂದವನಿಗೆ ಇನ್ನೊಬ್ಬ 'ಗ್ನು ಲಿನಕ್ಸ್ ಅನ್ನು' ಅಂತ ಜಗಳ ತೆಗೆದಿದ್ದ. ನಮ್ಮಲ್ಲಿ ಮಠಗಳಿಗೇ ಕೊರತೆ ಇಲ್ಲ, ಇವರು ಬೇರೆ ಕಟ್ಟಿಕೊಳ್ಳುತ್ತಿದ್ದಾರೆ.

ಆದರೆ ಹುಡುಗ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ನಮಗೆ ಮರೆವು ಜಾಸ್ತಿ ಅಷ್ಟೆ. ಆರೋಗ್ಯ ಸೇತು ನೆನಪಿದೆ ಅಲ್ವಾ, ಸೋಂಕಿತರು ಹತ್ತಿರ ಬಂದಿದ್ದರಾ ಅಂತ ಹೇಳುವ ಕೊರೋನಾ ಕಾಲದ ಸರ್ಕಾರಿ ಆ್ಯಪ್? 2020ರ ಏಪ್ರಿಲ್ 2ರಂದು ಬಂತು. ಮೇ 1ರ ಗೃಹ ಸಚಿವಾಲಯದ ಆದೇಶದಲ್ಲಿ, ಸರ್ಕಾರಿಯಿರಲಿ ಖಾಸಗಿಯಿರಲಿ, ನೌಕರರೆಲ್ಲರ ಫೋನಿನಲ್ಲೂ ಅದು ಇರಲೇಬೇಕು ಅಂದರು. ನೋಯ್ಡಾದಲ್ಲಿ ಹಾಕಿಕೊಳ್ಳದಿದ್ದರೆ ಕೇಸು ಅಂತಲೂ ಹೆದರಿಸಿದರು. ಕೋಟಿಗಟ್ಟಲೆ ಜನ ಹಾಕಿಕೊಂಡರು. ನಾನೂ ಹಾಕಿಕೊಂಡೆ. ದಿನಾ ಬೆಳಗ್ಗೆ ಎದ್ದು ಹಸಿರು ಬಣ್ಣ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಪಂಚಾಂಗ ನೋಡುವುದೇ ಬಿಟ್ಟಿದ್ದೆ.

ಆಮೇಲೆ ಯಾರೋ ಒಬ್ಬರು ಆರ್‌ಟಿಐ ಹಾಕಿ ಒಂದು ಪಾಪದ ಪ್ರಶ್ನೆ ಕೇಳಿದರು. ಈ ಆ್ಯಪ್ ಮಾಡಿದ್ದು ಯಾರು?

ಆ್ಯಪಿನ ಜಾಲತಾಣದಲ್ಲಿ ಸರ್ಕಾರದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಎನ್‌ಐಸಿ ಹೆಸರಿತ್ತು. ಎನ್‌ಐಸಿ ಹೇಳಿತು, ಆ್ಯಪ್ ಹುಟ್ಟಿದ ಕಡತ ನಮ್ಮಲ್ಲಿಲ್ಲ. ಐಟಿ ಸಚಿವಾಲಯ ಅರ್ಜಿಯನ್ನು ಇ-ಆಡಳಿತ ವಿಭಾಗಕ್ಕೆ ತಳ್ಳಿತು. ಆ ವಿಭಾಗ ಹೇಳಿತು, ಇದು ನಮಗೆ ಸಂಬಂಧಿಸಿದ್ದಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇಲ್ಲಿ ದೇಶವೇ ಮುದ್ದು ಮಾಡುತ್ತಿದ್ದ ಕೂಸಿಗೆ ಹೆತ್ತವರೇ ಇಲ್ಲ! 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಮಾಹಿತಿ ಆಯೋಗಕ್ಕೆ ಸಿಟ್ಟು ಬಂದು ನೋಟಿಸು ಕೊಟ್ಟಿತು. ಗವ್ ಡಾಟ್ ಇನ್ ಅಂತ ವಿಳಾಸ ಇಟ್ಟುಕೊಂಡ ಆ್ಯಪಿನ ಬಗ್ಗೆ ನಿಮಗೇ ಗೊತ್ತಿಲ್ಲ ಅಂದರೆ ಏನರ್ಥ ಅಂತ ಕೇಳಿತು. ಕೂಡಲೇ ಸರ್ಕಾರದ ಹೇಳಿಕೆ ಬಂತು. ಸುಮಾರು 21 ದಿನದಲ್ಲಿ, ಸರ್ಕಾರ ಮತ್ತು ಖಾಸಗಿಯವರು ಸೇರಿ, ಪಾರದರ್ಶಕವಾಗಿ ಮಾಡಿದ್ದು ಅಂತ. ಅಷ್ಟು ಪಾರದರ್ಶಕ ಅಂದರೆ, ಗಾಜಿನ ಥರ. ಮಾಡಿದವರು ಮುಂದೆಯೇ ನಿಂತಿದ್ದರೂ ಕಾಣಿಸಲಿಲ್ಲ.

ಕೋಡನ್ನೂ ತೋರಿಸಿದರು, ಇಲ್ಲ ಅನ್ನಲ್ಲ. 2020ರ ಮೇ 26ರಂದು ಆಂಡ್ರಾಯ್ಡ್ ಆ್ಯಪಿನ ಕೋಡನ್ನು, ಎಲ್ಲರೂ ಕೋಡು ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ಗೆ ಹಾಕಿ, ಜಗತ್ತಿನಲ್ಲೇ ಇಂಥದ್ದು ಆಗಿಲ್ಲ ಅನ್ನುವ ಹಾಗೆ ಬೆನ್ನು ತಟ್ಟಿಕೊಂಡರು. ಸಿಂಗಪುರದವರು ತಮ್ಮ ಆ್ಯಪಿನ ಕೋಡನ್ನು ಏಪ್ರಿಲ್‌ನಲ್ಲೇ ಬಿಚ್ಚಿಟ್ಟಿದ್ದರು. ಇರಲಿ, ಹೊಗಳಿಕೊಳ್ಳುವಾಗ ಕ್ಯಾಲೆಂಡರ್ ಯಾರು ನೋಡ್ತಾರೆ.

ಓಪನ್ ಸೋರ್ಸ್ ಅಂದರೆ ಏನು ಅಂತ ಭಾವನವರಿಗೆ ಅರ್ಥ ಮಾಡಿಸಲು ನನಗೆ ಇರುವುದು ಒಂದೇ ದಾರಿ, ದರ್ಶಿನಿ. ಹಳೇ ಹೋಟೆಲುಗಳಲ್ಲಿ ಅಡುಗೆಮನೆ ಬಾಗಿಲಿಗೆ 'ಒಳಗೆ ಪ್ರವೇಶವಿಲ್ಲ' ಅಂತ ಬರೆದಿರುತ್ತಿತ್ತು. ಒಳಗೆ ಏನು ನಡೆಯುತ್ತದೆ ಅನ್ನುವುದು ಭಟ್ಟರಿಗೂ ಭಗವಂತನಿಗೂ ಬಿಟ್ಟಿದ್ದು. ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿ ಬಂತು. ಕಾವಲಿ ನಮ್ಮ ಕಣ್ಣೆದುರು. ಕಡ್ಡಿಪೊರಕೆಯಲ್ಲಿ ನೀರು ಚಿಮುಕಿಸಿ ಗುಡಿಸುವುದು, ಹಿಟ್ಟು ಹುಯ್ಯುವುದು, ಬೆಣ್ಣೆ ಎಷ್ಟು, ಎಣ್ಣೆ ಎಷ್ಟು, ಎಲ್ಲ ಕಾಣುತ್ತದೆ. ನೋಡಿದವರೆಲ್ಲ ದೋಸೆ ಹುಯ್ಯಲು ಹೋಗಲ್ಲ. ನೂರಕ್ಕೆ ತೊಂಬತ್ತೊಂಬತ್ತು ಜನ ನೋಡುವುದೂ ಇಲ್ಲ, ಫೋನು ನೋಡುತ್ತಿರುತ್ತಾರೆ. ಆದರೆ ನೋಡಬಹುದು ಅನ್ನುವ ಒಂದೇ ಕಾರಣಕ್ಕೆ ಆ ಮನುಷ್ಯ ಬೆವರು ಒರೆಸಿದ ಬಟ್ಟೆಯಲ್ಲಿ ಕಾವಲಿ ಒರೆಸಲ್ಲ. ಅಷ್ಟೇ ಭಾವ, ಇದರಲ್ಲಿ ಚೀನಾ ಎಲ್ಲೂ ಬರಲ್ಲ. ಗೋಬಿ ಮಂಚೂರಿ ಕೌಂಟರ್ ಬೇರೆ.

ಆರೋಗ್ಯ ಸೇತುವಿನಲ್ಲಿ ತಟ್ಟೆ, ಅಂದರೆ ಫೋನಿನ ಕಡೆಯ ಕೋಡು, ತೋರಿಸಿದ್ದು ಮೇ ತಿಂಗಳಲ್ಲಿ. ಒಲೆ, ಅಂದರೆ ಸರ್ವರ್ ಕಡೆಯ ಕೋಡು, ತೋರಿಸುವಷ್ಟರಲ್ಲಿ ನವೆಂಬರ್ ಆಗಿತ್ತು. ಅದೂ ಹೋಗಲಿ. ತೋರಿಸಿದ ಕಾವಲಿಯ ಮೇಲೆ ಹುಯ್ದ ದೋಸೆಯೇ ನನ್ನ ತಟ್ಟೆಗೆ ಬಂತಾ, ಅಥವಾ ಒಳಗೆ ಬೇರೆ ಕಾವಲಿ ಇದೆಯಾ? ಅಂದರೆ, ಹೊರಗೆ ತೋರಿಸಿದ ಕೋಡೇ ನಿಜವಾಗಿ ಕೆಲಸ ಮಾಡುತ್ತಿದ್ದಿದ್ದಾ? ಬಲ್ಲವರು ಆಗಲೇ ಈ ಪ್ರಶ್ನೆ ಎತ್ತಿದರು. ನಮ್ಮ ಗ್ರೂಪಿನಲ್ಲಿ ಆ ಹೊತ್ತಿಗೆ ಅರಿಶಿನದ ಕಷಾಯದ ಚರ್ಚೆ ನಡೆದಿತ್ತು.

ಇದರಲ್ಲಿ ನಮ್ಮ ಊರಿನದ್ದೇ ಒಂದು ಕಥೆ ಇದೆ, ಅದನ್ನೂ ಯಾರೂ ಫಾರ್ವರ್ಡ್ ಮಾಡಲಿಲ್ಲ. ಬೆಂಗಳೂರಿನ ತಂತ್ರಾಂಶ ಕಾರ್ಯಕರ್ತರೊಬ್ಬರು ಕರ್ನಾಟಕ ಹೈಕೋರ್ಟಿಗೆ ಹೋದರು. ಆ್ಯಪ್ ಇಲ್ಲ ಅಂತ ಯಾರಿಗೂ ಸರ್ಕಾರಿ ಸೌಲಭ್ಯ ತಪ್ಪಿಸುವಂತಿಲ್ಲ ಅಂತ ಕೋರ್ಟು 2020ರ ಅಕ್ಟೋಬರ್‌ನಲ್ಲಿ ಹೇಳಿತು. ಜನರ ಒಪ್ಪಿಗೆ ಇಲ್ಲದೆ ಅವರ ಮಾಹಿತಿ ಹಂಚುವಂತಿಲ್ಲ ಅಂತ 2021ರ ಜನವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಒಬ್ಬ ಮನುಷ್ಯ, ಒಂದು ಅರ್ಜಿ. ನಾವು ಐವತ್ತೆರಡು ಜನ ವರ್ಷಗಟ್ಟಲೆ ಗ್ರೂಪಿನಲ್ಲಿ ಬಡಿದಾಡಿ ಸಾಧಿಸಿದ್ದು ಇಬ್ಬರು 'ಲೆಫ್ಟ್' ಆಗಿದ್ದು. ಪಕ್ಷದ ಲೆಫ್ಟ್ ಅಲ್ಲ, ಗ್ರೂಪಿನಿಂದ ಲೆಫ್ಟ್.

ರಾಜ್ಯದವರು ಹಿಂದೆ ಬಿದ್ದಿಲ್ಲ. 2023ರ ಜೂನ್‌ನಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕುವ ಗಲಾಟೆಯಲ್ಲಿ ಸರ್ವರ್ ಕೈಕೊಟ್ಟಾಗ, ಕೇಂದ್ರದವರು ಹ್ಯಾಕ್ ಮಾಡಿದ್ದಾರೆ ಅಂತ ಒಬ್ಬ ಮಂತ್ರಿ ಹೇಳಿಬಿಟ್ಟರು. ಚಿಕ್ಕಪ್ಪ ಹೌದೌದು ಅಂದರು, ಭಾವ ಛೀ ಅಂದರು. ಹಾಗಾದರೆ ಅದರ ಲಾಗ್, ಅಂದರೆ ಸರ್ವರ್‌ನಲ್ಲಿ ನಡೆದಿದ್ದೆಲ್ಲ ಬರೆದಿಡುವ ದಾಖಲೆ, ತೋರಿಸಿ ಅಂತ ಇಬ್ಬರೂ ಕೇಳಲಿಲ್ಲ.

ನಗಬೇಡಿ, ಈ ದೇಶದಲ್ಲಿ ನೀತಿಗೆ ಬರ ಇಲ್ಲ. ಸರ್ಕಾರದ ಕೆಲಸಕ್ಕೆ ಓಪನ್ ಸೋರ್ಸ್‌ಗೇ ಮೊದಲ ಮಣೆ, ಬೇಡ ಅನ್ನುವವರು ಯಾಕೆ ಬೇಡ ಅಂತ ಕಾರಣ ಕೊಡಬೇಕು ಅಂತ ಕೇಂದ್ರ ಸರ್ಕಾರವೇ 2015ರಲ್ಲಿ ನೀತಿ ಮಾಡಿದೆ. ಸರ್ಕಾರಿ ತಂತ್ರಾಂಶಗಳ ಕೋಡನ್ನು ಹೊರಗಿಡುವುದಕ್ಕೂ ಅದೇ ವರ್ಷ ಇನ್ನೊಂದು ನೀತಿ. ಎರಡೂ ಚೆನ್ನಾಗಿವೆ. ಓದಲು ಬಹಳ ಚೆನ್ನಾಗಿವೆ. ಇನ್ನು, ಕೇಳುವ ಹಕ್ಕು 2005ರ ಆರ್‌ಟಿಐ ಕಾಯ್ದೆಯಲ್ಲೇ ಇತ್ತಲ್ಲ. ಅದಕ್ಕೂ 2023ರಲ್ಲಿ ಬಂದ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ಒಂದು ತಿದ್ದುಪಡಿ ಸೇರಿಸಿ, 'ವೈಯಕ್ತಿಕ ಮಾಹಿತಿ' ಅಂತ ಹೇಳಿ ಕೊಡದೇ ಇರುವ ದಾರಿಯನ್ನು ಅಗಲ ಮಾಡಿದರು. ರಸ್ತೆ ಅಗಲೀಕರಣ ಇಷ್ಟು ಬೇಗ ಆಗಿದ್ದು ನಾನು ನೋಡಿಲ್ಲ.

ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಹೆಬ್ಬೆಟ್ಟು ಒತ್ತಿದರು, ಬರಲಿಲ್ಲ. ಸೆರಗಿಗೆ ಒರೆಸಿ ಒತ್ತಿದರು, ಬರಲಿಲ್ಲ. ಅಂಗಡಿಯವನು ಬೇರೆ ಬೆರಳು ಇಡಿಸಿದ. ಹತ್ತೂ ಬೆರಳು ಆಯಿತು. ಪಾತ್ರೆ ತಿಕ್ಕಿ ತಿಕ್ಕಿ ಸವೆದ ಬೆರಳು. 'ನಾಳೆ ಬಾರಮ್ಮ, ಸರ್ವರ್ ಸರಿ ಇಲ್ಲ' ಅಂದ. ಬೆರಳು ಸವೆದಿದ್ದೋ ಸರ್ವರ್ ಕೆಟ್ಟಿದ್ದೋ ಅವನಿಗೂ ಗೊತ್ತಿಲ್ಲ. ಆ ಮಿಷನ್ನಿನೊಳಗಿನ ಕೋಡು ಬರೆದವರು ಯಾರು, ಹತ್ತು ಬೆರಳೂ ಬರದಿದ್ದರೆ ಏನು ಮಾಡಬೇಕು ಅಂತ ಅವರು ಯೋಚಿಸಿದ್ದರಾ, ಯಾರನ್ನು ಕೇಳಬೇಕು? ಅಜ್ಜಿ ಯಾರನ್ನೂ ಕೇಳಲಿಲ್ಲ. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದರು. ನನಗೆ ಇದರಲ್ಲಿ ತಮಾಷೆ ಮಾಡಲು ಏನೂ ಕಾಣಿಸುತ್ತಿಲ್ಲ. ಅಕ್ಕಿ ಅದು. ಅಷ್ಟೆ.

ಇರಲಿ. ನನ್ನ ಕಾಗದದ ವಿಷಯಕ್ಕೆ ಬರುತ್ತೇನೆ. ಎರಡು ದಿನ ಬಿಟ್ಟು ಅಲ್ಲಿಂದ ಇಮೇಲಿನಲ್ಲಿ ಒಂದು ವರ್ಡ್ ಫೈಲು ಬಂತು. ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಟೋಪಿ, ಮೀಸೆ, ಬಾಲ. ನಡುನಡುವೆ ಪೌಂಡಿನ ಗುರುತು. ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಬಂದು ಎಷ್ಟೋ ವರ್ಷ ಆದರೂ ನಮ್ಮ ಕಡತಗಳು ಹಳೇ ನುಡಿ ಫಾಂಟಿನಲ್ಲೇ ಉಳಿದಿವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ರಾಜ್ಯಭಾಷೆ ಹೀಗೆ ಮೀಸೆ ತಿರುವುತ್ತದೆ. ಕೊನೆಗೆ ಕಾಪಾಡಿದ್ದು ಯಾರೋ ಪುಣ್ಯಾತ್ಮರು ಬಿಟ್ಟಿಯಾಗಿ ಬರೆದು, ಕೋಡಿನ ಸಮೇತ ಹೊರಗಿಟ್ಟ ಒಂದು ಪರಿವರ್ತಕ. ಒಂದು ಕಡೆ ಮೀಸೆ ಹಾಕಿದರೆ ಇನ್ನೊಂದು ಕಡೆ ಕನ್ನಡ ಬರುತ್ತದೆ. ಅದರಲ್ಲಿ ಹಾಕಿ ಓದಿದೆ. 'ತಾವು ಖುದ್ದಾಗಿ ಕಚೇರಿಗೆ ಭೇಟಿ ನೀಡುವುದು' ಅಂತ ಇತ್ತು.

ಭೇಟಿ ನೀಡಿದೆ. ಕಿಟಕಿಗೆ ಹೊಸ ಬೋರ್ಡು ಬಂದಿತ್ತು. ಕಚೇರಿಗೆ ಹೊಸ ಕಂಪ್ಯೂಟರ್ ಬಂದಿದೆಯಂತೆ, ಅದರಿಂದಲೇ ಪ್ರಿಂಟ್ ತೆಗೆದಿದ್ದು. ನುಡಿ ಫಾಂಟು ಹಾಕುವುದು ಮರೆತಿದ್ದಾರೆ. ಎರಡೇ ಪದ. ಟೋಪಿ, ಮೀಸೆ, ಬಾಲ, ಪೂರ್ಣವಿರಾಮ. ಅದಕ್ಕೂ ಲ್ಯಾಮಿನೇಷನ್ ಮಾಡಿಸಿ, ನಾಲ್ಕು ಮೂಲೆಗೂ ಟೇಪು ಹಾಕಿದ್ದರು.

ನನ್ನ ಹಿಂದೆ ನಿಂತಿದ್ದ ಹಿರಿಯರು ಕನ್ನಡಕ ತಂದಿರಲಿಲ್ಲ. 'ಏನಂತೆ ಸ್ವಾಮಿ ಅದರಲ್ಲಿ?' ಅಂದರು.

ಮುಂದೆ ನಿಂತವನು ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. 'ಸರ್ವರ್ ಇಲ್ವಂತೆ' ಅಂದ.